ಮೀನಿನ ಕೆಳಗಿನ ಗೋಣಿಚೀಲ

ನಮ್ಮೆಜಮಾನ್ರು ವೆಂಕಟರಮಣಪ್ಪ. ಟೇಕಲ್ ಹತ್ರದ ಕೆರೆಯಲ್ಲಿ ಇಪ್ಪತ್ತೆರಡು ವರ್ಷ ಮೀನು ಹಿಡಿದ್ರು. ಅವರ ತೆಪ್ಪ ಅಂದ್ರೆ ಒಂದು ಲಾರಿ ಟ್ಯೂಬು, ಅದರ ಮೇಲೊಂದು ಹಲಗೆ. ಮಡಿಚಿದ ಬಲೆ ಎಡಗಡೆ. ಬೀಡಿ, ಬೆಂಕಿಪೊಟ್ಟಣ ಕವರಲ್ಲಿ ಸುತ್ತಿ ಟೋಪಿಯೊಳಗೆ. ಮೀನು ಹಲಗೆ ಹಿಂದೆ, ಟ್ಯೂಬಿಗೆ ಒರಗಿ. ಅದರ ಮೇಲೆ ಒದ್ದೆ ಗೋಣಿಚೀಲ. ಬೆಳಿಗ್ಗೆ ಮಂಜಲ್ಲಿ ಟ್ಯೂಬು ಕಾಣ್ತಿರಲಿಲ್ಲ. ನೀರ ಮೇಲೆ ಸುಮ್ಮನೆ ಕೂತು ತೇಲಿ ಬಂದಂಗೆ ಇರೋದು. ನಾನು ಬುಟ್ಟಿ ಹಿಡ್ಕೊಂಡು ದಡದಲ್ಲಿ ನಿಂತಿರ್ತಿದ್ದೆ.

ಸಂಕ್ರಾಂತಿ ಆದ್ಮೇಲೆ ಒಂದಿನ ಎದೆನೋವು ಅಂದ್ರು. ಮಧ್ಯಾಹ್ನಕ್ಕೆ ಇಲ್ಲ.

ಕೆರೆಯಲ್ಲಿ ಒಂದು ಮನೆಗೆ ವಾರಕ್ಕೆ ಎರಡು ದಿನ ಪಾಳಿ. ಮನೆಯೋರು ಯಾರೂ ಇಳೀಲಿಲ್ಲ ಅಂದ್ರೆ ಪಾಳಿ ಬೇರೆಯೋರಿಗೆ. ಮೈದುನ ಕದಿರೇಶ ಬಂದ.

"ಅತ್ತಿಗೆ, ಪಾಳಿ ನನಗೆ ಬಿಟ್ಬಿಡು. ನಿನಗೆ ಅದೆಲ್ಲ ಬರ್ತದಾ?"

"ಈಜು ಬರ್ತದೆ."

"ಈಜು ಮೀನಿಗೂ ಬರ್ತದೆ. ಬಲೆಗೆ ಬೀಳಲ್ವಾ?"

"ನಾಳೆ ಹೋಗ್ತೀನಿ. ಆಗಲಿಲ್ಲ ಅಂದ್ರೆ ನೀನೇ ಇಟ್ಕೋ."

ಹೋದೆ. ಅವರು ಇಡೋ ಹಂಗೇ ಎಲ್ಲಾ ಇಟ್ಟೆ. ಸ್ವಲ್ಪ ದೂರ ಹೋಗೋದ್ರಲ್ಲಿ ದಡ ಮಂಜಲ್ಲಿ ಕರಗಿಹೋಯ್ತು. ಬೆಟ್ಟನೂ ಇಲ್ಲ. ರೈಲು ಕೂಗ್ತು, ನೀರೊಳಗಿಂದ ಕೂಗಿದಂಗಿತ್ತು. ಅವರು ಬೆನ್ನ ಹಿಂದೆ ಕೂತವ್ರೆ ಅನ್ನಿಸ್ತು. ತಿರುಗಲಿಲ್ಲ. ತಿರುಗಿದ್ರೆ ಇರಲ್ಲ. ಎಷ್ಟು ಹೊತ್ತು ಹಂಗೇ ತೇಲಿದೆನೋ ಗೊತ್ತಿಲ್ಲ.

ಬಿಟ್ಟಿದ್ದ ಬಲೆ ಎಳೆದೆ, ತುಂಬ ಜಿಲೇಬಿ ಮೀನು. ಬಿಡಿಸಿ ಬಿಡಿಸಿ ಹಿಂದೆ ಹಾಕಿದೆ, ಚೀಲ ಹೊದಿಸಿದೆ. ಆಮೇಲೆ ಸುಯ್ ಅಂತ ಸದ್ದು. ಹಾವು ಅಂದ್ಕೊಂಡೆ. ಹಾವಲ್ಲ, ಟ್ಯೂಬು. ಜಿಲೇಬಿ ಬೆನ್ನಿನ ಮುಳ್ಳು ಚುಚ್ಚಿತ್ತು.

ಆಗ ಹೊಳೀತು, ಅವರು ಮೀನಿನ ಕೆಳಗೂ ಒಂದು ಚೀಲ ಹಾಸ್ತಿದ್ರು. ಎರಡು ಚೀಲ ಒಗೆದು ಒಣಗಾಕ್ತಿದ್ದೋಳು ನಾನೇ. ಎರಡು ಯಾಕೆ ಅಂತ ಒಂದಿನನೂ ಕೇಳಲಿಲ್ಲ. ದಡದಲ್ಲಿ ನಿಂತೋಳಿಗೆ ಮೇಲಿನದು ಮಾತ್ರ ಕಾಣೋದು.

ತೂತಿಗೆ ಹೆಬ್ಬೆಟ್ಟು ಒತ್ತಿದೆ. ಇನ್ನೊಂದು ಕೈಲಿ ನೀರು ತಳ್ಳಿದೆ. ದಡ ಮುಟ್ಟೋ ಹೊತ್ತಿಗೆ ಸೊಂಟದ ತನಕ ಮುಳುಗಿದ್ದೆ. ಹೊರಡೋಕೆ ಮುಂಚೆನೇ ಮೀನೆಲ್ಲಾ ಚೀಲಕ್ಕೆ ತುಂಬಿ ಮಡಿಲಿಗೆ ಕಟ್ಕೊಂಡಿದ್ದೆ.

ಕದಿರೇಶ ನಗ್ತಾ ನಿಂತಿದ್ದ. "ಆಯ್ತಲ್ಲ ಅತ್ತಿಗೆ? ಪಾಳಿ ನಂದು ತಾನೇ?"

"ಮೀನು ಬಂತಾ ಇಲ್ವಾ ನೋಡು. ಬುಟ್ಟಿ ಹಿಡಿ."

ಹಿಡಿದ.

ಟ್ಯೂಬು ಹೊತ್ಕೊಂಡು ಪಂಕ್ಚರ್ ಹಾಕೋ ಅಫ್ಸರ್ ಹತ್ರ ಹೋದೆ. ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ನೋಡಿದ.

"ಸಂಜೆ ಬಾ ಅಕ್ಕಾ."

"ಇಲ್ಲೇ ಕೂತಿರ್ತೀನಿ, ಹಾಕು. ನಾಳೆನೂ ನಂದೇ ಪಾಳಿ."