ರಾಧಾ ಮನೋಹರರ ಮನೆ

ಮದುವೆಯಾಗಿ ಗದಗಿನಿಂದ ಹೈದರಾಬಾದಿಗೆ ಬಂದ ಮೊದಲ ವರ್ಷ ನನಗೆ ಮಾತಾಡಲು ಒಂದು ಜೀವ ಇರಲಿಲ್ಲ. ನನ್ನವರು ಬೆಳಿಗ್ಗೆ ಅಮೀರ್‌ಪೇಟ್‌ನಲ್ಲಿ ಕಂಪ್ಯೂಟರ್ ಕೋರ್ಸು ಮುಗಿಸಿ ಅಲ್ಲಿಂದಲೇ ಒಂದು ಅಮೆರಿಕದ ಕಂಪನಿಯ ಕೆಲಸಕ್ಕೆ ಹೋಗುತ್ತಿದ್ದರು. ಆಗ ಊರಿಗೆ ಊರೇ ಆ ಹುಚ್ಚು ಹಿಡಿಸಿಕೊಂಡಿತ್ತು. ನಾರಾಯಣಗೂಡದ ಬಾಡಿಗೆ ಮನೆಯಲ್ಲಿ ನಾನು ಗೋಡೆಗಳ ಜೊತೆ ಮಾತಾಡುತ್ತಿದ್ದೆ. ಆ ಗೋಡೆಗಳಿಗೂ ಬರುತ್ತಿದ್ದುದು ತೆಲುಗೇ.

ಸಂಜೆಯಾದರೆ ಎದುರು ಸಾಲಿನ ಮೂಲೆಮನೆಯಿಂದ ಹೂವಿನ ಪರಿಮಳ ಬರುತ್ತಿತ್ತು. ಕಾಂಪೌಂಡು ಹತ್ತಿ ಮಾಳಿಗೆ ಮುಟ್ಟಿದ ಬಳ್ಳಿ, ಗೊಂಚಲು ಗೊಂಚಲು ಬಿಳಿ ಹೂ. ಜಾಜಿಯೆನ್ನೋಣವೆಂದರೆ ಕತ್ತು ವಿಪರೀತ ಉದ್ದ. ಒಂದು ದಿನ ತಡೆಯಲಾರದೆ ಮನೆ ಮಾಲಕರ ಹೆಂಡತಿಯನ್ನು ಬಂದಷ್ಟು ತೆಲುಗಿನಲ್ಲಿ ಕೈತೋರಿಸಿ ಕೇಳಿದೆ, "ಅದಿ ಏಮಿಟಂಡಿ?"

"ಅದಾ? ರಾಧಾ ಮನೋಹರಂ," ಎಂದು ಆಕೆ ಒಳಗೆ ಹೋದರು.

ಹೂವಿನ ಹೆಸರು ಕೇಳಿದರೆ ಮನೆಯವರ ಹೆಸರು ಹೇಳಿದರಲ್ಲ ಎಂದು ನಗು ಬಂತು. ಪುಸ್ತಕವನ್ನು ಪುಸ್ತಕಂ ಮಾಡುವ ಜನ ಮನೋಹರನನ್ನು ಬಿಟ್ಟಾರೆಯೇ? ನಮ್ಮ ಕಡೆ ಓಣಿಗೊಬ್ಬ ಮನೋಹರ ಇರುತ್ತಾನೆ. ಇವರು ಖಂಡಿತ ನಮ್ಮವರೇ, ಮನೋಹರರಾಯರು ಮತ್ತು ರಾಧಾಬಾಯಿ ಎಂದು ನಾನೇ ತೀರ್ಮಾನಿಸಿಬಿಟ್ಟೆ. ಅಂದಿನಿಂದ ರೊಟ್ಟಿ ಬಡಿಯುತ್ತ ರಾಧಾಬಾಯಿಯ ಜೊತೆ ಮನಸ್ಸಿನಲ್ಲೇ ಮಾತು. ಜೋಳ ಎಲ್ಲಿ ಬೀಸಸ್ತೀರಿ, ಗುರೆಳ್ಳು ಎಲ್ಲಿ ಸಿಗತಾವ್ರಿ, ನಿಮಗೂ ಇಲ್ಲಿ ಬ್ಯಾಸರಾ ಬರತೈತೇನ್ರಿ. ನನ್ನವರ ಮುಂದೆಯೂ ಅವರದೇ ಸುದ್ದಿ.

ಬಾಗಿಲು ತಟ್ಟಲು ಒಂದು ನೆವ ಬೇಕಿತ್ತು. ದಸರೆ ಬಂತು. ಅಮೆರಿಕದವರಿಗೆ ದಸರೆ ಇಲ್ಲವಲ್ಲ, ನನ್ನವರು ಕೆಲಸಕ್ಕೆ ಹೋಗಿದ್ದರು. ಸಂಜೆ ಇಳಕಲ್ ಸೀರೆಯುಟ್ಟು, ಬನ್ನಿ ಎಲೆ ಹಿಡಿದು ಮೂಲೆಮನೆಗೆ ಹೋದೆ. ವಯಸ್ಸಾದ ಹೆಂಗಸೊಬ್ಬರು ಬಾಗಿಲು ತೆಗೆದರು. ನಾನು ಕನ್ನಡದಲ್ಲೇ ಶುರು ಮಾಡಿದೆ.

"ಬನ್ನಿ ತಗೊಂಡು ಬಂಗಾರದ್ಹಂಗ ಇರೂಣ್ರಿ. ರಾಧಾಬಾಯಾರು ನೀವೇ ಏನ್ರಿ?"

ಅವರು ಪಿಳಿಪಿಳಿ ನೋಡಿದರು. "ರಾಧ ಎವರಮ್ಮಾ?"

"ರಾಧಾ ಮನೋಹರಂ..." ಎಂದೆ.

ಅವರ ಮುಖ ಅರಳಿತು. ನನ್ನ ಕೈಹಿಡಿದು ಬಳ್ಳಿಯ ಕೆಳಗೆ ಕರೆದೊಯ್ದು ಗೊಂಚಲೊಂದನ್ನು ಬಗ್ಗಿಸಿದರು. "ಇದೇ ಕದಾ ರಾಧಾ ಮನೋಹರಂ. ಸಾಯಂತ್ರಂ ತೆಲುಪು, ತರ್ವಾತ ಎರುಪು."

ಸಂಜೆ ಬಿಳಿ, ಆಮೇಲೆ ಕೆಂಪು. ಅದು ಹೂವಿನದೇ ಹೆಸರು. ನನ್ನ ಬನ್ನಿಯನ್ನು ಅವರು ಕಣ್ಣಿಗೊತ್ತಿಕೊಂಡು ತಮ್ಮದೂ ಎರಡೆಲೆ ಕೊಟ್ಟರು, ಕೂತು ಹೋಗೆಂದರು. ಒಳ್ಳೆಯ ಹೆಂಗಸು. ಆದರೆ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಆ ಊರಿನಲ್ಲಿ ನನಗಿದ್ದ ಒಬ್ಬಳೇ ಗೆಳತಿ ಇಲ್ಲವಾಗಿದ್ದಳು. ಮನೆಗೆ ಬಂದು ಅನ್ನಕ್ಕಿಟ್ಟೆ.

ನನ್ನವರು ಬಂದು ಊಟಕ್ಕೆ ಕೂತವರೇ ಕೇಳಿದರು, "ಸಿಕ್ರೇನು ನಿನ್ನ ರಾಧಾಬಾಯಾರು?"

"ಇಲ್ರಿ," ಎಂದೆ ಅನ್ನ ಬಡಿಸುತ್ತ. "ಊರಿಗೆ ಹೋಗ್ಯಾರಂತ. ದೀಪಾವಳಿ ಮುಗಿಸಿ ಬರತಾರಂತ."