ಎಣ್ಣೆ ಸವರಿದ ಟ್ಯಾಂಕು

ಮೊನ್ನೆ ಕೊಪ್ಪದ ಬೈಕ್ ಷೋರೂಮಿನಲ್ಲಿ ಕೊಬ್ಬರಿ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಯಾರದೋ ಹೊಸ ಗಾಡಿಗೆ ದೀಪ ಹಚ್ಚಿ ಪೂಜೆ ಮಾಡುತ್ತಿದ್ದರು. ನನಗೆ ಬಣ್ಣ ತೋರಿಸುತ್ತಿದ್ದ ಹುಡುಗಿ ಹೊಳಪಿಲ್ಲದ ಮ್ಯಾಟ್ ಕಪ್ಪಿನ ಟ್ಯಾಂಕಿನ ಮೇಲೆ ಕೈಯಿಟ್ಟು, "ಈಗ ಎಲ್ಲರೂ ಕೇಳೋದು ಇದನ್ನೇ ಸರ್. ಎಣ್ಣೆ ಮಾತ್ರ ಮುಟ್ಟಿಸಬೇಡಿ, ಕಲೆ ಹೋಗಲ್ಲ" ಎಂದಳು. ನರಸಿಂಹರಾಜಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕ ನೆನಪಾದಳು...

ನಾನಾಗ ಕಾಲೇಜಿಗೆ ಹೋಗುತ್ತಿದ್ದೆ. ಅಕ್ಕನ ತವರು ಶೃಂಗೇರಿ ಕಡೆ. ಬಾಯಿ ತುಂಬ ಮಾತು, ಮೈ ತುಂಬ ಬಾಸುಂಡೆ. ಗಂಡನಿಗೆ ಹೊಡೆಯಲು ಕಾರಣವೇ ಬೇಕಿರಲಿಲ್ಲ; ಸಾರಿಗೆ ಉಪ್ಪು ಕಡಿಮೆಯಾದರೂ ಸಾಕು, ಹೆಚ್ಚಾದರೂ ಸಾಕು. ಅವನು ಬೈಕ್ ಕೊಳ್ಳುವಾಗ ಅವಳು ಆಸೆಪಟ್ಟದ್ದು ಕೆಂಪು ಬಣ್ಣಕ್ಕೆ, ಮುಖ ಕಾಣುವಷ್ಟು ಹೊಳೆಯುವಂಥದ್ದಕ್ಕೆ. ಅವನು ಹೊಳಪೇ ಇಲ್ಲದ ಕಪ್ಪು ತಂದ. ಮಸಿ ಹಿಡಿದ ಪಾತ್ರೆ ಇದ್ದ ಹಾಗಿದೆ ಎಂದು ಅವಳು ನಮ್ಮಮ್ಮನ ಹತ್ತಿರ ಹೇಳಿಕೊಂಡು ನಕ್ಕಿದ್ದಳು.

ಆ ವರ್ಷದ ಆಯುಧಪೂಜೆ. ಕತ್ತಿ, ಹಾರೆಗಳನ್ನೆಲ್ಲ ತೊಳೆದು ಎಣ್ಣೆ ಸವರಿ ಪೂಜೆಗಿಡುವುದು ನಮ್ಮ ಕಡೆಯ ರೂಢಿ. ಅಕ್ಕ ಅವುಗಳ ಜೊತೆ ಬೈಕನ್ನೂ ತೊಳೆದು, ಟ್ಯಾಂಕಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಬಟ್ಟೆಯಿಂದ ತಿಕ್ಕಿ ತಿಕ್ಕಿ ಹೊಳಪು ಬರಿಸಿದಳು. ಗಂಡ ಖುಷಿಪಡುತ್ತಾನೆ ಅಂದುಕೊಂಡಿದ್ದಳು, ಪಾಪ. ಸ್ನಾನ ಮುಗಿಸಿ ಬಂದವನಿಗೆ ಕಂಡದ್ದು ಟ್ಯಾಂಕಿನ ಮೇಲೆ ಚಿಬ್ಬು ಹತ್ತಿದಂಥ ಕಲೆಗಳು. ಕೈಗೆ ಸಿಕ್ಕ ಹೆಲ್ಮೆಟ್ಟಿನಿಂದ ಅವಳ ತಲೆಗೆ ಬಾರಿಸಿದ. ಬಿದ್ದವಳನ್ನು ಜಡೆ ಹಿಡಿದು ಎಬ್ಬಿಸಿ ಮತ್ತೆ ಬಾರಿಸಿದ. ನಾನೂ ಅಮ್ಮನೂ ಬೇಲಿ ದಾಟಿ ಓಡಿಹೋಗಿ ಬಿಡಿಸುವಾಗ ಅವಳ ಕಿವಿಯಿಂದ ರಕ್ತ ಸುರಿಯುತ್ತಿತ್ತು. ದನಕ್ಕೂ ಯಾರೂ ಹಾಗೆ ಹೊಡೆಯುವುದಿಲ್ಲ. ಅವನನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಅಲ್ಲೇ ಜಗಲಿಯಲ್ಲಿ ಕೂರಿಸಿ ಅಮ್ಮ ಒದ್ದೆ ಬಟ್ಟೆ ಒತ್ತುತ್ತಿದ್ದಾಗ ಅಕ್ಕ ನನ್ನ ಮುಖ ನೋಡಿ ಕೇಳಿದಳು: "ಕತ್ತಿಗೆ ಎಣ್ಣೆ ಹಚ್ತೀವಲ್ಲ ಮಾರಾಯ, ಇದೂ ಕಬ್ಬಿಣವೇ ಅಲ್ವಾ? ನಾನು ಎಂತ ತಪ್ಪು ಮಾಡ್ದೆ?"

ಅವಳು ಎದ್ದಳು. ಪೂಜೆಗಿಟ್ಟಿದ್ದ ಹಾರೆಯನ್ನು ಅರಿಸಿನ ಕುಂಕುಮದ ಸಮೇತ ಎರಡೂ ಕೈಯಲ್ಲಿ ಎತ್ತಿ ಟ್ಯಾಂಕಿಗೆ ಹೊಡೆದಳು. ತಗಡು ಒಡೆದು ಪೆಟ್ರೋಲು ಚಿಮ್ಮಿತು. ಗಂಡ ಮುಂದೆ ಬಂದ. ಅವಳು ಹಾರೆಯ ತುದಿಯನ್ನು ಅವನ ಎದೆಯತ್ತ ತಿರುಗಿಸಿ, "ಬಾ" ಎಂದಳು. ಅವನು ನಿಂತಲ್ಲೇ ನಿಂತ. ಮಧ್ಯಾಹ್ನದ ಬಸ್ಸಿಗೆ ಅವಳು ತವರಿಗೆ ಹೋದಳು.

ಅಲ್ಲಿ ಒಂದು ಕಿವಿ ಪೂರ್ತಿ ಹೋಯಿತಂತೆ. ತಲೆನೋವು ಬಿಡಲೇ ಇಲ್ಲವಂತೆ. ಮುಂದಿನ ಆಯುಧಪೂಜೆಗೆ ಮೊದಲೇ, ಒಂದು ದಿನ ಮಲಗಿದವಳು ಏಳಲಿಲ್ಲ ಎಂದು ಸುದ್ದಿ ಬಂತು. ಅವನು ಹೊಸ ಟ್ಯಾಂಕು ಹಾಕಿಸಿಕೊಂಡು ಓಡಾಡುತ್ತಿದ್ದ. ಅದೇ ಕಪ್ಪು, ಅದೇ ಮ್ಯಾಟ್...

ಷೋರೂಮಿನ ಹುಡುಗಿ ಇನ್ನೂ ಕಾಯುತ್ತಿದ್ದಳು. ಕೆಂಪು ಕೊಡಿ, ಹೊಳಪಿನದು ಎಂದೆ. ಅದರಲ್ಲಿ ಸಣ್ಣ ಗೀರೂ ಎದ್ದು ಕಾಣುತ್ತದೆ ಎಂದು ಎಚ್ಚರಿಸಿದಳು. ಕಾಣಲಿ ಬಿಡಿ ಎಂದು ಬಗ್ಗಿ ನೋಡಿದೆ. ಟ್ಯಾಂಕಿನಲ್ಲಿ ನನ್ನ ಮುಖ ಕಾಣಿಸಿತು. ಅಕ್ಕ ಆಸೆಪಟ್ಟದ್ದು ಇಷ್ಟಕ್ಕೇ.