ಒಂದು ಮಗು ಹೆಚ್ಚು

ಸುಚಿತ್ರಾಳ ಮಗಳಿಗೆ ಕೈ ಎತ್ತುವ ಚಟ. ಕ್ಲಾಸಿನಲ್ಲಿ ಟೀಚರ್ "ಯಾರ ಮನೇಲಿ" ಎಂದು ಬಾಯಿ ತೆರೆದರೆ ಸಾಕು, ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಕಾಯದೆ ಸುಮನಾಳ ಕೈ ಮೇಲೆ ಹೋಗಿರುತ್ತಿತ್ತು. ಯಾರ ಮನೆಯಲ್ಲಿ ದೊಡ್ಡ ಪಾತ್ರೆ ಇದೆ, ಯಾರ ಅಮ್ಮನಿಗೆ ರಂಗೋಲಿ ಬರುತ್ತದೆ, ಯಾರ ಅಪ್ಪ ಜೀಪು ತರುತ್ತಾರೆ, ಎಲ್ಲದಕ್ಕೂ ಅವಳೇ. ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಸುದ್ದಿ ಹೇಳುವಳು.

"ಅಮ್ಮಾ, ನಿನ್ ಹೆಸ್ರು ಕೊಟ್ಟಿದೀನಿ."

"ಎಂತಕ್ಕೆ?"

"ಅದು ನಾಳೆ ಹೇಳ್ತಾರಂತೆ."

ಸುಚಿತ್ರಾ ತೀರ್ಥಹಳ್ಳಿ ಕಡೆಯ ಹಳ್ಳಿಯವಳು. ಮದುವೆಯಾಗಿ ನಿಟ್ಟೂರಿಗೆ ಬಂದು ಹದಿನಾಲ್ಕು ವರ್ಷವಾಯಿತು. ಗಂಡ ನಾಗೇಂದ್ರ ಕೊಡಚಾದ್ರಿಗೆ ಬರುವವರನ್ನು ಜೀಪಿನಲ್ಲಿ ಮೇಲೆ ಹತ್ತಿಸಿ ಇಳಿಸುವವನು. ಅವಳು ಮನೆಯ ಜಗುಲಿಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದಾಳೆ. ಸರ್ಕಾರದಿಂದ ಯೂನಿಫಾರ್ಮಿನ ಬಟ್ಟೆ ಬಂದ ವಾರ ಆ ಜಗುಲಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಊರಿನ ಶಾಲೆಯ ಮಕ್ಕಳ ಅಂಗಿ, ಚಡ್ಡಿ, ಲಂಗ ಎಲ್ಲವೂ ಅವಳ ಕೈಯಿಂದಲೇ ಹೋಗಬೇಕು. ಆದರೆ ಶಾಲೆಯ ಒಳಗೆ ಹೋಗಿ ಕೂರುವುದು ತನ್ನ ಕೆಲಸವೆಂದು ಅವಳು ಎಣಿಸಿರಲಿಲ್ಲ. ಅವಳು ಓದುವಾಗ ಅವಳ ಅಪ್ಪ ಶಾಲೆಗೆ ಬಂದದ್ದು ಎರಡೇ ಸಲ. ಒಮ್ಮೆ ಸೇರಿಸಲು, ಇನ್ನೊಮ್ಮೆ ಟಿ.ಸಿ. ತೆಗೆದುಕೊಳ್ಳಲು.

ಮಗಳು ಆರನೇ ಕ್ಲಾಸಿಗೆ, ಮಗ ಗಣೇಶ ನಾಲ್ಕನೇ ಕ್ಲಾಸಿಗೆ ಬಂದ ವರ್ಷ ಈ ಲೆಕ್ಕ ತಲೆಕೆಳಗಾಯಿತು. ಜೂನ್‌ನಲ್ಲಿ ಸಸಿ ನೆಡುವ ದಿನ ಎಂದು ಕರೆಸಿದರು. ಮೂರು ಸಸಿ ನೆಟ್ಟು ಬರುತ್ತೇನೆಂದು ಹೋದವಳು ಮಕ್ಕಳ ಜೊತೆ ಪಂಥ ಕಟ್ಟಿ ಇಪ್ಪತ್ತೆರಡು ನೆಟ್ಟು, ಕೆಸರಲ್ಲಿ ಕೂತು ಎದ್ದವಳ ಹಾಗೆ ಮನೆಗೆ ಬಂದಳು. ಆಗಸ್ಟ್ ಹದಿನೈದಕ್ಕೆ ಹದಿನೆಂಟು ಹುಡುಗಿಯರ ನೃತ್ಯಕ್ಕೆ ನಾಲ್ಕೇ ದಿನದಲ್ಲಿ ಬಟ್ಟೆ ಹೊಲಿದಳು. ಅವಸರದಲ್ಲಿ ಒಂದು ರವಿಕೆಯ ಎಡತೋಳು ಬಲಕ್ಕೂ ಬಲತೋಳು ಎಡಕ್ಕೂ ಹೋಗಿತ್ತು. ಆ ಹುಡುಗಿ ಕೈ ಮೇಲೆತ್ತಿದಾಗಲೆಲ್ಲ ಸುಚಿತ್ರಾ ಕಣ್ಣು ಮುಚ್ಚಿಕೊಂಡಳು. ಬೇರೆ ಯಾರಿಗೂ ಗೊತ್ತಾಗಲಿಲ್ಲ.

ಪ್ರತಿಭಾ ಕಾರಂಜಿಯ ಛದ್ಮವೇಷಕ್ಕೆ ಗಣೇಶ ಹಲಸಿನಹಣ್ಣು ಆಗುತ್ತೇನೆಂದ. ರಾಜ, ಋಷಿ, ಸೈನಿಕ ಯಾವುದೂ ಅವನಿಗೆ ಬೇಡ. ಅವಳು ಹಸಿರು ಬಟ್ಟೆ ತಂದು, ಹತ್ತಿ ತುಂಬಿ, ಒಂದೊಂದೇ ಮುಳ್ಳನ್ನು ಕೈಯಲ್ಲಿ ಹೊಲಿದಳು. ಮುನ್ನೂರಕ್ಕಿಂತ ಹೆಚ್ಚು ಮುಳ್ಳುಗಳಾದವು. ಹೊಸನಗರಕ್ಕೆ ಹೋಗುವ ದಿನ ಆ ವೇಷದಲ್ಲಿ ಅವನು ಬಸ್ಸಿನ ಬಾಗಿಲಲ್ಲಿ ಸಿಕ್ಕಿಕೊಂಡ. ಒಳಗಿನಿಂದ ಕಂಡಕ್ಟರ್ ಎಳೆದ, ಹೊರಗಿನಿಂದ ಸುಚಿತ್ರಾ ತಳ್ಳಿದಳು. ವೇದಿಕೆ ಹತ್ತಿದ ಮೇಲೆ ಅವನಿಗೆ ಬಾಯಿಪಾಠ ಮಾಡಿದ ಮಾತೆಲ್ಲ ಮರೆತುಹೋಯಿತು. ತೀರ್ಪುಗಾರರು "ಏನಪ್ಪಾ ನೀನು?" ಎಂದು ಕೇಳಿದರು.

"ಹಲಸಿನಹಣ್ಣು," ಎಂದ. ಅಷ್ಟಕ್ಕೆ ಸಾಲದೆಂದು ಕಂಡಿತೋ ಏನೋ, ಸ್ವಲ್ಪ ಯೋಚಿಸಿ ಸೇರಿಸಿದ: "ಬಕ್ಕೆ. ಅಂಬಲಿ ಹಣ್ಣಲ್ಲ."

ತೊಳೆ ಗಟ್ಟಿಯಿರುವುದು ಬಕ್ಕೆ, ಮೆತ್ತಗಿನದು ಅಂಬಲಿ ಎಂದು ತಿಳಿದ ಸಭೆ ಅದು. ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಎರಡನೇ ಬಹುಮಾನ ಬಂತು. ಬರುವಾಗ ಬಸ್ಸಿನಲ್ಲಿ ಅವನು ಅದೇ ವೇಷದಲ್ಲಿ ಮಲಗಿದ್ದ. ಪಕ್ಕದಲ್ಲಿ ಕೂತ ಹೆಂಗಸೊಬ್ಬಳು ಮೆತ್ತಗಿದೆಯೆಂದು ಅವನಿಗೇ ಒರಗಿ ನಿದ್ದೆ ಮಾಡಿದಳು.

ಕ್ರೀಡಾಕೂಟದಲ್ಲಿ ತಾಯಂದಿರಿಗೆ ನಿಂಬೆಹಣ್ಣು ಚಮಚದ ಓಟ. ಚಮಚದ ಮೇಲೆ ಕಣ್ಣು ನೆಟ್ಟು ಓಡಿದ ಸುಚಿತ್ರಾಳಿಗೆ ಗೆರೆ ದಾಟಿದ್ದೇ ತಿಳಿಯಲಿಲ್ಲ, ಗೇಟಿನವರೆಗೂ ಹೋದಳು. ಅಲ್ಲಿ ಜೀಪು ನಿಲ್ಲಿಸಿಕೊಂಡು ನೋಡುತ್ತಿದ್ದ ನಾಗೇಂದ್ರ, "ಮನೆಗೇ ಹೊರಟ್ಯಾ?" ಎಂದು ಕೇಳಿದ. ಹಣ್ಣು ಮಾತ್ರ ಬಿದ್ದಿರಲಿಲ್ಲ.

ಡಿಸೆಂಬರಿನಲ್ಲಿ ಪ್ರವಾಸ ಬಂತು. ವರದಹಳ್ಳಿ, ಸಾಗರ, ಜೋಗ. ಹೊರಡುವ ಎರಡು ದಿನ ಮೊದಲು ಟೀಚರ್ ಶಾಲೆಯ ಮೆಟ್ಟಿಲಲ್ಲಿ ಕಾಲು ಉಳುಕಿಸಿಕೊಂಡರು. ಹೆಣ್ಣುಮಕ್ಕಳ ಜೊತೆಗೆ ಹೆಂಗಸೊಬ್ಬರು ಇರಲೇಬೇಕು. ಹೆಡ್‌ಮಾಸ್ತರು ಮಂಜುನಾಥಪ್ಪ ಯಾರ ಅಮ್ಮ ಬರುತ್ತಾರೆಂದು ಕೇಳಿ ಮುಗಿಸುವಷ್ಟರಲ್ಲಿ ಆರನೇ ಕ್ಲಾಸಿನಲ್ಲಿ ಒಂದು ಕೈ ಮೇಲಿತ್ತು.

"ಹೋಗ್ ಬಾರೆ," ಎಂದಳು ಅತ್ತೆ ಗುತ್ಯಮ್ಮ. "ಒಂದಿನ ನಾನೇ ಅನ್ನ ಬೇಯಿಸ್ಕಂತೀನಿ. ಎಂತ ದೊಡ್ ವಿಷ್ಯ."

ಬೆಳಗಿನ ಆರು ಗಂಟೆಗೆ ಬಸ್ಸು ಹೊರಟಿತು. ನಲವತ್ಮೂರು ಮಕ್ಕಳು, ಮಂಜುನಾಥಪ್ಪ ಮೇಷ್ಟ್ರು, ಸುಚಿತ್ರಾ, ಡ್ರೈವರ್ ಜಟ್ಟಿಂಗಪ್ಪ. ಊರು ದಾಟುವ ಮೊದಲೇ ಹಾಡು ಶುರುವಾಯಿತು. ಶರಾವತಿ ಹಿನ್ನೀರಿನ ಹೊಸ ಸೇತುವೆ ಬಂದಾಗ ಮಕ್ಕಳೆಲ್ಲ ಒಂದೇ ಕಡೆಯ ಕಿಟಕಿಗೆ ಮುಗಿಬಿದ್ದರು. ಜಟ್ಟಿಂಗಪ್ಪ ಕನ್ನಡಿಯಲ್ಲಿ ನೋಡಿ, "ಅಕ್ಕಾ, ಅರ್ಧ ಜನನ ಆ ಕಡೆ ಕಳ್ಸಿ, ಬಸ್ ವಾಲ್ತದೆ," ಎಂದ. ಸುಚಿತ್ರಾ ಆ ಕಡೆಗೆ ಕಳಿಸಿದ ಅರ್ಧ ಜನರೊಳಗೆ ಸೇರಿಕೊಂಡು ತಾನೂ ಕಿಟಕಿಗೆ ಮುಖ ಒತ್ತಿದಳು.

ವರದಹಳ್ಳಿಯ ಆಶ್ರಮದ ಎದುರು ಅವತ್ತು ನಾಲ್ಕೈದು ಶಾಲೆಗಳ ಬಸ್ಸುಗಳು ನಿಂತಿದ್ದವು. ಎಲ್ಲವೂ ಸರ್ಕಾರಿ ಶಾಲೆ, ಎಲ್ಲರದೂ ಒಂದೇ ಬಣ್ಣದ ಯೂನಿಫಾರ್ಮು. ಮೆಟ್ಟಿಲ ಮೇಲಿಂದ ನೋಡಿದರೆ ಆಶ್ರಮದ ಅಂಗಳ ಪೂರ್ತಿ ನೀಲಿಯಾಗಿತ್ತು. ಮಕ್ಕಳು ಮೇಲೆ ಹತ್ತಿ, ನಮಸ್ಕಾರ ಮಾಡಿ, ಇಳಿದು, ಸಾಲಾಗಿ ಕೂತು ಪ್ರಸಾದದ ಊಟ ಮಾಡಿದರು. ಗಣೇಶ ಪಾಯಸಕ್ಕೆ ನಾಲ್ಕು ಸಲ ಕೈಯೊಡ್ಡಿದ. ಊಟ ಮುಗಿಸಿ ಬಸ್ಸು ಹತ್ತಿ ಮತ್ತೆ ಹಾಡು ಹೇಳುತ್ತ ಸಾಗರಕ್ಕೆ ಬಂದರು. ಐಸ್‌ಕ್ರೀಮ್ ಕೊಡಿಸುವ ಮೊದಲು ಮೇಷ್ಟ್ರು ತಲೆ ಎಣಿಸಿದರು.

ನಲವತ್ನಾಲ್ಕು.

ಅವರು ಕನ್ನಡಕ ಒರೆಸಿಕೊಂಡು ಹಿಂದಿನ ಸೀಟಿನಿಂದ ಮತ್ತೆ ಎಣಿಸಿದರು. ನಲವತ್ನಾಲ್ಕು.

"ಸುಚಿತ್ರಮ್ಮ, ನೀವೊಂದ್ಸಲ ಎಣಿಸಿ ನೋಡೋಣ."

ಅವಳಿಗೂ ನಲವತ್ನಾಲ್ಕೇ ಬಂತು. ಜಟ್ಟಿಂಗಪ್ಪ ಇಂಜಿನ್ ಆರಿಸಿ ಎದ್ದು ಬಂದು ಎಣಿಸಿದ. "ಮೇಷ್ಟ್ರೇ, ಕಮ್ಮಿ ಬಂದಿದ್ರೆ ಹೆದರ್ಬೇಕಿತ್ತು," ಎಂದ. "ಹೆಚ್ಚು ಬಂದ್ರೆ ಎಂತ ಮಾಡ್ಬೇಕು ಅಂತ ನಂಗೆ ಗೊತ್ತಿಲ್ಲ."

ಮೇಷ್ಟ್ರು ಹೆಸರು ಕರೆಯಲು ಹಾಜರಿ ಪಟ್ಟಿ ಹುಡುಕತೊಡಗಿದರು. ಸುಚಿತ್ರಾ ಪಟ್ಟಿಗೆ ಕಾಯಲಿಲ್ಲ. ಮುಖಗಳನ್ನೂ ನೋಡಲಿಲ್ಲ. ಎರಡು ಸೀಟಿನ ನಡುವೆ ನಿಧಾನವಾಗಿ ನಡೆಯುತ್ತ ಲಂಗದ ನೆರಿಗೆಗಳನ್ನು ನೋಡುತ್ತ ಹೋದಳು. ಅವಳು ನೆರಿಗೆಯನ್ನು ಎಡಕ್ಕೆ ಮಡಚುವವಳು. ಹನ್ನೊಂದನೇ ಸೀಟಿನಲ್ಲಿ, ಸುಮನಾಳ ಪಕ್ಕದಲ್ಲಿ, ಬಲಕ್ಕೆ ಮಡಚಿದ ನೆರಿಗೆಯ ಲಂಗವೊಂದು ಕೂತಿತ್ತು. ಎರಡು ಜಡೆ, ಹಣೆಯಲ್ಲಿ ಆಶ್ರಮದ ವಿಭೂತಿ, ಬಾಯಲ್ಲಿ ಸುಮನಾ ಕೊಟ್ಟ ಕಡಲೆಮಿಠಾಯಿ.

"ನಿನ್ ಹೆಸ್ರು ಎಂತ ಮಗಾ?"

"ಶ್ರೀಗೌರಿ."

"ಯಾವ ಶಾಲೆ?"

ತೀರ್ಥಹಳ್ಳಿ ಕಡೆಯ ಒಂದು ಹಳ್ಳಿಯ ಹೆಸರು ಹೇಳಿತು ಮಗು. ಅದು ಸುಚಿತ್ರಾಳ ತವರಿನಿಂದ ಎರಡು ಊರು ಆಚೆ.

"ಮತ್ತೆ ಈ ಬಸ್ಸಿಗೆ ಯಾಕೆ ಬಂದೆ?"

"ನಮ್ ಬಸ್ಸಲ್ಲಿ ಹಾಡು ಹೇಳಕ್ಕೆ ಬಿಡಲ್ಲ. ಇಲ್ಲಿ ಹೇಳ್ತಾರೆ ಅಂತ ಇವಳು ಹೇಳಿದ್ಲು."

ಸುಚಿತ್ರಾ ಮಗಳ ಕಡೆ ತಿರುಗಿದಳು. ಸುಮನಾ ಕಿಟಕಿಯ ಹೊರಗೆ ಸಾಗರ ಪೇಟೆಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು.

"ಊಟಕ್ಕೆ ಪಕ್ಕದಲ್ಲೇ ಕೂತಿದ್ಲು ಅಮ್ಮ. ಬರ್ಲಾ ಅಂತ ಕೇಳಿದ್ಲು. ಬಾ ಅಂದೆ."

ವರದಹಳ್ಳಿಯಲ್ಲಿ ಈ ಮಗುವಿನ ಟೀಚರಿಗೆ ಈ ಹೊತ್ತಿಗೆ ಏನಾಗಿರಬೇಕು. ಶ್ರೀಗೌರಿಗೆ ಅಪ್ಪನ ನಂಬರ್ ಬಾಯಿಗೆ ಬರುತ್ತಿತ್ತು. ಸುಚಿತ್ರಾ ಅಲ್ಲೇ ಫೋನ್ ಮಾಡಿ, ಮಗು ಚೆನ್ನಾಗಿದೆ ಎಂದು ಮೊದಲು ಹೇಳಿ, ಆಮೇಲೆ ಸಂಗತಿ ಹೇಳಿದಳು. ಆ ಕಡೆ ಹರಿಪ್ರಸಾದ್ ಎನ್ನುವವರು. ಅವರಿಗೆ ಮಗಳು ತಪ್ಪಿಹೋಗಿದ್ದೂ ಸಿಕ್ಕಿದ್ದೂ ಒಂದೇ ಉಸಿರಿನಲ್ಲಿ ಗೊತ್ತಾಯಿತು. ಫೋನನ್ನು ಮಗುವಿಗೆ ಕೊಡಲು ಹೇಳಿದರು.

"ಎಂತ ಆಯ್ದಿಲ್ಲೆ ಅಪ್ಪಾ," ಎಂದು ಅದು ಮನೆಮಾತಿನಲ್ಲಿ ಸಮಾಧಾನ ಹೇಳಿತು. "ಇಲ್ಲಿ ಲಾಯ್ಕಿದ್ದು. ಐಸ್‌ಕ್ರೀಮು ಕೊಡ್ತ."

ಹರಿಪ್ರಸಾದ್ ಅವರೇ ಟೀಚರಿಗೆ ಫೋನ್ ಮಾಡಿದರು. ಜಟ್ಟಿಂಗಪ್ಪ ಬಸ್ಸನ್ನು ವರದಹಳ್ಳಿಗೆ ತಿರುಗಿಸಿದ. ಇನ್ನೊಂದು ಸಲ ಹೋಗುವುದೆಂದರೆ ಮಕ್ಕಳಿಗೆ ಹಬ್ಬ. ಇನ್ನೊಂದು ಸಲ ಪಾಯಸ ಸಿಗುತ್ತದೆಯೇ ಎಂದು ಗಣೇಶ ವಿಚಾರಿಸಿದ. ಶ್ರೀಗೌರಿ ಇರುವಷ್ಟು ಹೊತ್ತನ್ನು ದಂಡ ಮಾಡಬಾರದೆಂದು ಬಿಡುವಿಲ್ಲದೆ ಹಾಡಿದಳು.

ಆಶ್ರಮದ ಬಾಗಿಲಲ್ಲಿ ಆ ಶಾಲೆಯ ಮನೋರಮಾ ಟೀಚರ್ ನಿಂತಿದ್ದರು. ಕಲ್ಯಾಣಿ, ಅಡುಗೆಮನೆ, ಹಿಂದಿನ ಗುಡ್ಡ ಎಲ್ಲ ಹುಡುಕಿ ಸೀರೆಯ ಅಂಚಿಗೆಲ್ಲ ಹುಲ್ಲಿನ ಮುಳ್ಳು ಅಂಟಿಸಿಕೊಂಡಿದ್ದರು. ಮಗುವನ್ನು ಹಿಡಿದು, ಬೈಯಲು ಬಾಯಿ ತೆರೆದು, ಆಗದೆ, ಮೆಟ್ಟಿಲ ಮೇಲೆ ಕೂತು ಅತ್ತರು. ಸುಚಿತ್ರಾ ಪಕ್ಕದಲ್ಲಿ ಕೂತು ಸೀರೆಯ ಮುಳ್ಳನ್ನು ಒಂದೊಂದಾಗಿ ತೆಗೆದಳು.

"ತಪ್ಪು ನನ್ ಮಗಳದು ಟೀಚರ್. ಅವಳೇ ಕರೆದಿದ್ದು."

"ಹಾಡು ಬೇಡ ಅಂದಿದ್ದು ನಾನು," ಎಂದರು ಮನೋರಮಾ ಕಣ್ಣು ಒರೆಸಿಕೊಳ್ಳುತ್ತ. "ಬೆಳಿಗ್ಗೆಯಿಂದ ತಲೆನೋವು ನಂಗೆ. ಈಗ ನೋಡಿದ್ರೆ ಅದೂ ಇಲ್ಲ." ಹಾಗೆಂದು ಅವರಿಗೆ ನಗು ಬಂತು. ಸುಚಿತ್ರಾಳಿಗೂ ಬಂತು. ಮೇಷ್ಟ್ರು ಸ್ವಲ್ಪ ದೂರದಲ್ಲಿ ನಿಂತು, ಇದು ಮುಗಿಯುವ ಲಕ್ಷಣ ಕಾಣದೆ ಗಡಿಯಾರ ನೋಡಿಕೊಂಡರು.

ಆ ಶಾಲೆಯೂ ಜೋಗಕ್ಕೇ ಹೋಗುವುದಿತ್ತು. ಜೊತೆಯಲ್ಲೇ ಹೋಗೋಣವೆಂದು ನಿಶ್ಚಯವಾಯಿತು. ಆದರೆ ಎಂಬತ್ತು ಮಕ್ಕಳು, ಒಂದೇ ಬಣ್ಣ. ಸುಚಿತ್ರಾ ಸಾಗರದಲ್ಲಿ ಬಸ್ಸು ನಿಲ್ಲಿಸಿ ಪರಿಚಯದ ಅಂಗಡಿಯಿಂದ ಎರಡು ಸುರುಳಿ ರಿಬ್ಬನ್ ತಂದಳು, ನಿಟ್ಟೂರಿಗೆ ಹಳದಿ, ತೀರ್ಥಹಳ್ಳಿಗೆ ಕೆಂಪು. ಒಂದೊಂದೇ ಕೈಗೆ ಕಟ್ಟುತ್ತ ಬಂದಳು. ಬರೀ ಗಂಟು ಸಾಕೆಂದರೆ ಯಾರೂ ಕೇಳಲಿಲ್ಲ, ಎಲ್ಲರಿಗೂ ಚಿಟ್ಟೆಯ ಗಂಟೇ ಆಗಬೇಕು. ಕಟ್ಟಿಸಿಕೊಂಡವರು ಬಿಚ್ಚಿಕೊಂಡು ಮತ್ತೆ ಬಂದರು. ಕೊನೆಗೆ ಜಟ್ಟಿಂಗಪ್ಪನೂ ಸ್ಟೀರಿಂಗಿಗೆ ಒಂದು ಕೇಳಿದ. ಮಂಜುನಾಥಪ್ಪ ಮೇಷ್ಟ್ರು ಬೇಡವೆಂದರು. ಜೋಗ ತಲುಪುವಷ್ಟರಲ್ಲಿ ಅವರ ಮಣಿಕಟ್ಟಿನಲ್ಲೂ ಹಳದಿ ಚಿಟ್ಟೆ ಕೂತಿತ್ತು.

ಜೋಗದಲ್ಲಿ ಕಂಬಿಯ ಪಕ್ಕ ಮಕ್ಕಳನ್ನು ನಿಲ್ಲಿಸಿದರು. ಮುಂದಕ್ಕೆ ಬಾಗಿದವರ ಕಾಲರ್ ಹಿಡಿದು ಹಿಂದಕ್ಕೆಳೆಯುವುದು, ಹಳದಿ ನಲವತ್ಮೂರು, ಕೆಂಪು ಮೂವತ್ತೇಳು ಎಂದು ಎಣಿಸುವುದು, ಕಳಚಿದ ಚಿಟ್ಟೆ ಕಟ್ಟುವುದು, ಮಂಗ ಕಿತ್ತುಕೊಂಡ ಚುರುಮುರಿಯ ನ್ಯಾಯ ತೀರ್ಮಾನಿಸುವುದು, ಹೀಗೆ ಒಂದು ಗಂಟೆ ಸುಚಿತ್ರಾಳಿಗೆ ಒಂದು ನಿಮಿಷದಂತೆ ಹೋಯಿತು. ಬಿಸಿಲು ಇಳಿಯುವಾಗ ಎರಡು ಬಸ್ಸುಗಳೂ ಅಕ್ಕಪಕ್ಕ ನಿಂತವು. ಎರಡರಲ್ಲೂ ಹಾಡು. ಕೆಂಪು ಬಸ್ಸಿನ ಮುಂದಿನ ಸೀಟಿನಲ್ಲಿ ಮನೋರಮಾ ಟೀಚರೇ ತಾಳ ಹಾಕುತ್ತಿದ್ದರು. ಶ್ರೀಗೌರಿ ಕಿಟಕಿಯಿಂದ ಅರ್ಧ ಹೊರಗೆ ಬಂದು ಕೈ ಬೀಸಿದಳು, ಯಾರೋ ಒಳಗಿನಿಂದ ಅವಳ ಲಂಗ ಹಿಡಿದುಕೊಂಡಿದ್ದರು.

ಮನೆ ಸೇರುವಾಗ ದೀಪ ಹಚ್ಚಿ ಆಗಿತ್ತು. ಮಕ್ಕಳು ಕೈಕಾಲು ತೊಳೆಯಲು ಹೋದರು. ಸುಚಿತ್ರಾ ಬಾಗಿಲಲ್ಲೇ ಶುರುಮಾಡಿದಳು. ಬಡಿಸುವಾಗಲೂ ನಿಲ್ಲಿಸಲಿಲ್ಲ. ಸಾರಿನ ಸೌಟು ಹಿಡಿದು, ಮೇಷ್ಟ್ರು ಕನ್ನಡಕ ಒರೆಸಿದ ರೀತಿ ತೋರಿಸಿದಳು. ಜಟ್ಟಿಂಗಪ್ಪನ ಮಾತು ಹೇಳುವಾಗ ತನಗೇ ನಗು ಬಂದು ಸಾರು ಬಟ್ಟಲಿನ ಹೊರಗೆ ಹೋಯಿತು. ಕೊಡಚಾದ್ರಿಗೆ ಊರೂರಿನವರನ್ನು ಹತ್ತಿಸುವ ನಾಗೇಂದ್ರ, ಇಷ್ಟು ಖುಷಿಯಾಗಿ ಇಳಿದವರನ್ನು ನೋಡಿಲ್ಲವೆಂಬಂತೆ ಊಟ ನಿಲ್ಲಿಸಿ ಹೆಂಡತಿಯ ಮುಖವನ್ನೇ ನೋಡಿದ.

ಗುತ್ಯಮ್ಮ ಎಲ್ಲ ಕೇಳಿಸಿಕೊಂಡಳು. ಆಮೇಲೆ ಕೇಳಿದಳು.

"ಅದೆಲ್ಲ ಸೈ. ಜೋಗದಲ್ಲಿ ನೀರು ಹೆಂಗಿತ್ತು ಮಾರಾಯ್ತಿ?"

ಸುಚಿತ್ರಾ ಬಾಯಿ ತೆರೆದಳು. ಕಂಬಿ ನೆನಪಾಯಿತು. ನಲವತ್ಮೂರು ಕಾಲರ್‌ಗಳು ನೆನಪಾದವು. ಮಂಗ ನೆನಪಾಯಿತು. ಅವಳು ಒಂದು ಗಂಟೆ ಪೂರ್ತಿ ಜಲಪಾತಕ್ಕೆ ಬೆನ್ನು ಹಾಕಿ ನಿಂತಿದ್ದಳು.

"ಅತ್ತೆ," ಎಂದಳು ನಿಧಾನವಾಗಿ, "ನಾನು ನೋಡ್ಲೇ ಇಲ್ಲ."

ಗುತ್ಯಮ್ಮ ತಟ್ಟೆ ಕೆಳಗಿಟ್ಟಳು. ಅವಳ ಭುಜ ಅಲುಗತೊಡಗಿತು. ನಾಗೇಂದ್ರನಿಗೆ ಅನ್ನ ನೆತ್ತಿಗೆ ಹತ್ತಿತು. ಒದ್ದೆ ಕಾಲಿನಲ್ಲಿ ಓಡಿ ಬಂದ ಗಣೇಶ, ಏನಾಯಿತೆಂದು ಗೊತ್ತಿಲ್ಲದೆಯೇ ಎಲ್ಲರಿಗಿಂತ ಜೋರಾಗಿ ನಗಲು ಕೂತ. ಸುಚಿತ್ರಾ ನೀರು ಕುಡಿಸಲು ಚೊಂಬು ತೆಗೆದುಕೊಂಡು ಹೊರಟವಳು ಅರ್ಧ ದಾರಿಯಲ್ಲಿ ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟಳು.